ಪಾತ್ರೆ ಸೋಪಿನ ಕೈಗಳು

ಸನ್ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲೆ ಕುಳಿತು ಆಗಾಗ ಗಡಿಯಾರ ನೋಡಿಕೊಳ್ಳುತ್ತಿರುವ ಮುಖ್ಯ ಅತಿಥಿಗಳೇ, ಹಳೆಯ ಜಾಹೀರಾತು ಅಭಿಮಾನಿಗಳ ಬಳಗದ ಕಾರ್ಯದರ್ಶಿಗಳೇ, ಪದಾಧಿಕಾರಿಗಳೇ, ಮತ್ತು ನಡುವೆ ಒಂದೇ ಒಂದು ಜಾಹೀರಾತಿನ ಬಿಡುವೂ ಇಲ್ಲದೆ ಇಷ್ಟು ಹೊತ್ತು ಭಾಷಣಗಳನ್ನು ಸಹಿಸಿಕೊಂಡ ಸಭಿಕರೇ,

ನಿಮ್ಮ ಪ್ರೀತಿಗೆ ನಾನು ಋಣಿ. ಈಗಷ್ಟೇ ನನ್ನ ಕೊರಳಿಗೆ ಪದಕ ಹಾಕಿದ್ದೀರಿ. ಅದರ ಮೇಲೆ 'ಮರೆಯಲಾಗದ ಮುಖ' ಎಂದು ಕೆತ್ತಿಸಿದ್ದೀರಿ. ಬಾಗಿಲಲ್ಲಿ ನಿಮ್ಮ ಸ್ವಯಂಸೇವಕರು ಅದೇ ಮುಖವನ್ನು ನೋಡಿ, "ಪಾಸ್ ಎಲ್ಲಿ ಸರ್? ಪಾಸ್ ಇಲ್ದೆ ಬಿಡಲ್ಲ" ಎಂದು ತಡೆದು ನಿಲ್ಲಿಸಿದ್ದರು. ಅದು ಬೇರೆ ವಿಷಯ.

ಭಾಷಣಗಳಿಗೆ ಮೊದಲು ಇಲ್ಲಿ ಹಳೆಯ ಜಾಹೀರಾತುಗಳ ಪ್ರದರ್ಶನ ನಡೆಯಿತು. ಎಂಥ ದೃಶ್ಯ! ನಮ್ಮ ಅಧ್ಯಕ್ಷರು ನಿವೃತ್ತ ದಂತವೈದ್ಯರು. ಚಾಕೊಲೇಟಿನ ಜಾಹೀರಾತು ಬಂದಾಗ ಅವರು ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ನ್ಯಾಯವೇ. ಆ ಜಾಹೀರಾತಿಗೆ ಅವರಷ್ಟು ಋಣಿಯಾಗಿರಬೇಕಾದವರು ಈ ಸಭಾಂಗಣದಲ್ಲಿ ಇನ್ನೊಬ್ಬರಿಲ್ಲ. ಟೈರಿನ ಜಾಹೀರಾತಿಗೆ ಎದ್ದು ನಿಂತು ಚಪ್ಪಾಳೆ ತಟ್ಟಿದ ಹಿರಿಯರೊಬ್ಬರು, ತಾವು ಈ ಜೀವನದಲ್ಲಿ ಸೈಕಲನ್ನೂ ಓಡಿಸಿಲ್ಲ ಎಂದು ಚಹಾದ ಹೊತ್ತಿನಲ್ಲಿ ನನಗೆ ತಿಳಿಸಿದರು. ಬಿಸ್ಕತ್ತಿನ ಹಾಡನ್ನು ನೀವೆಲ್ಲರೂ ಒಕ್ಕೊರಲಿನಿಂದ ಹಾಡಿದಿರಿ. ಸಭಿಕರೇ, ನಿಮ್ಮನ್ನು ನಾನೊಂದು ಪ್ರಶ್ನೆ ಕೇಳಲೇ? ಈ ಜಾಹೀರಾತುಗಳು ಮೊದಲ ಸಲ ಬಂದಾಗ ನಾವು ಏನು ಮಾಡುತ್ತಿದ್ದೆವು? ನೀರು ಕುಡಿಯಲು ಎದ್ದು ಹೋಗುತ್ತಿದ್ದೆವು. ಒಲೆಯ ಮೇಲಿನ ಹಾಲು ಉಕ್ಕಿತೇ ನೋಡಲು ಹೋಗುತ್ತಿದ್ದೆವು. 'ಥೂ, ಮತ್ತೆ ಶುರುವಾಯ್ತು' ಎಂದು ಬೈಯುತ್ತಿದ್ದೆವು. ಇಂದು ಅದನ್ನೇ ನೋಡಲು ಟಿಕೆಟ್ ಕೊಂಡು ಬಂದು ಕುಳಿತಿದ್ದೇವೆ. ಈಗ ನಡುವೆ ಯಾರಾದರೂ ಸಿನಿಮಾ ತೋರಿಸಿದರೆ ಬೈಯುತ್ತೇವೆ.

ಕಾರ್ಯದರ್ಶಿಗಳು ತಮ್ಮ ಸ್ವಾಗತ ಭಾಷಣದಲ್ಲಿ ಒಂದು ಮಾತು ಹೇಳಿದರು. "ಆ ಕಾಲದ ಜಾಹೀರಾತಿನಲ್ಲಿ ಸತ್ಯ ಇತ್ತು" ಎಂದರು. ಆಗ ನೀವೆಲ್ಲರೂ ಚಪ್ಪಾಳೆ ತಟ್ಟಿದಿರಿ. ನಾನೂ ತಟ್ಟಿದೆ. ಎಷ್ಟು ಸತ್ಯ ಇತ್ತು ಎಂಬುದನ್ನು ನಾನು ಅಧಿಕಾರವಾಣಿಯಿಂದ ಹೇಳಬಲ್ಲೆ. ಏಕೆಂದರೆ ಆ ಸತ್ಯವನ್ನು ದಿನವೂ ತಿಕ್ಕಿ ತೊಳೆದು ಬೋರಲು ಹಾಕಿದವನು ನಾನು.

ಇರಲಿ, ಕ್ರಮವಾಗಿ ಹೇಳುತ್ತೇನೆ.

ನಾನು ನಟನಲ್ಲ. ವಿದ್ಯುತ್ ಕಚೇರಿಯಲ್ಲಿ ದೂರು ವಿಭಾಗದ ಗುಮಾಸ್ತನಾಗಿದ್ದೆ. ಒಮ್ಮೆ ಒಂದು ಸ್ಟುಡಿಯೋದಲ್ಲಿ ಕರೆಂಟು ಕೈಕೊಟ್ಟಿತು. ಲೈನ್‌ಮನ್ ಜೊತೆಗೆ ದೂರಿನ ಕಾಗದಕ್ಕೆ ಸಹಿ ಹಾಕಿಸಿಕೊಳ್ಳಲು ನಾನೂ ಹೋದೆ. ಅಲ್ಲಿ ತಲೆನೋವಿನ ಬಾಮಿನ ಜಾಹೀರಾತು ತಯಾರಾಗುತ್ತಿತ್ತು. ತಲೆನೋವಿನ ಗಂಡನಾಗಿ ಬಂದಿದ್ದ ನಟರು ತುಂಬಾ ಸುಂದರವಾಗಿದ್ದರು, ಎಷ್ಟು ನರಳಿದರೂ ಸುಖವಾಗಿಯೇ ಕಾಣುತ್ತಿದ್ದರಂತೆ. ನಿರ್ದೇಶಕರು ನನ್ನನ್ನು ನೋಡಿದವರೇ, "ಇವರು ಯಾರು? ಇವರ ಮುಖ ನೋಡಿ, ಏನೂ ಮಾಡ್ದೇನೇ ತಲೆನೋವು ಬಂದಿದೆ" ಎಂದರು. ಕಲಾಕ್ಷೇತ್ರಕ್ಕೆ ನನ್ನ ಪ್ರವೇಶವಾದದ್ದು ಹೀಗೆ.

ಕಥೆ ನಿಮಗೆಲ್ಲ ಗೊತ್ತಿದೆ. ಗಂಡ ಕಚೇರಿಯಿಂದ ಬರುತ್ತಾನೆ, ಸೋಫಾದಲ್ಲಿ ಕುಸಿಯುತ್ತಾನೆ. ಹೆಂಡತಿ ಹಿಂದಿನಿಂದ ಬಂದು ಹಣೆಗೆ ಬಾಮ್ ಹಚ್ಚುತ್ತಾಳೆ. ಗಂಡ ಕಣ್ಣು ತೆರೆದು ಒಂದೇ ಮಾತು ಹೇಳುತ್ತಾನೆ: "ಹೋಯ್ತು!" ಅಷ್ಟೇ. ಹೆಂಡತಿಯಾದವರು ರಂಗಭೂಮಿಯ ಕಲಾವಿದೆ. ಮುಖ ಹುಣ್ಣಿಮೆಯಂತೆ ಇತ್ತು, ಆದರೆ ಪಾಪ, ಅವರಿಗೆ ಉಗುರು ಕಚ್ಚುವ ಅಭ್ಯಾಸ. ನಿರ್ದೇಶಕರು ಅವರ ಬೆರಳುಗಳನ್ನು ಹತ್ತಿರದಿಂದ ನೋಡಿ ಹೌಹಾರಿದರು. "ಕೈ ಬೇಕು! ಯಾರದ್ದಾದ್ರೂ ಒಳ್ಳೇ ಕೈ ಬೇಕು!" ಎಂದು ಕೂಗುತ್ತಾ ಸ್ಟುಡಿಯೋದಲ್ಲಿದ್ದ ಹೆಂಗಸರೆಲ್ಲರ ಕೈ ನೋಡುತ್ತಾ ಹೊರಟರು. ಬಾಮ್ ಕಂಪನಿಯಿಂದ ಬಾಟಲಿಗಳ ಪೆಟ್ಟಿಗೆ ತಂದಿದ್ದ ಟೈಪಿಸ್ಟ್ ಒಬ್ಬಳು ಬಾಗಿಲ ಬಳಿ ನಿಂತಿದ್ದಳು. ಕೈ ತೋರಿಸು ಎಂದರೆ ಹಿಂದಕ್ಕೆ ಕಟ್ಟಿಕೊಂಡಳು. "ಯಾಕ್ ಸರ್? ನಾನೇನೂ ಕದ್ದಿಲ್ಲ" ಎಂದಳು.

ಆ ಕೈ ಸಿಕ್ಕಿತು. ಚಿತ್ರೀಕರಣ ನಡೆದದ್ದು ಹೀಗೆ: ಸೋಫಾದ ಮೇಲೆ ನಾನು. ಹಿಂದೆ ನಗುತ್ತಾ ನಿಂತ ಕಲಾವಿದೆ. ಸೋಫಾದ ಹಿಂದೆ ನೆಲದ ಮೇಲೆ ಮಂಡಿಯೂರಿ ಕುಳಿತು, ಕೈ ಮಾತ್ರ ಮೇಲೆ ಚಾಚಿದ ಟೈಪಿಸ್ಟ್. ಅವಳಿಗೆ ನನ್ನ ಹಣೆ ಎಲ್ಲಿದೆ ಎಂದು ಕಾಣುತ್ತಿರಲಿಲ್ಲ. ತಡಕಾಡಿ ತಡಕಾಡಿ ಬಾಮನ್ನು ನೇರವಾಗಿ ನನ್ನ ಕಣ್ಣಿಗೇ ಹಚ್ಚಿದಳು. ನಾನು ಬಾಯಿ ಬಿಡುವ ಹಾಗಿಲ್ಲ, ಕ್ಯಾಮೆರಾ ಓಡುತ್ತಿದೆ. ಕಣ್ಣಿನಲ್ಲಿ ನೀರು ಧಾರಾಕಾರ. ನಿರ್ದೇಶಕರು "ಆಹಾ, ಆಹಾ" ಎನ್ನುತ್ತಿದ್ದಾರೆ. ಆಗ ಸೋಫಾದ ಕೆಳಗಿನಿಂದ ಪಿಸುಮಾತು ಕೇಳಿಸಿತು. "ಅಯ್ಯೋ, ಕಣ್ಣಿಗೆ ಬಿತ್ತಾ? ಉರೀತಿದೆಯಾ? ಮುಚ್ಕೊಳ್ಳಿ, ಒರೆಸ್ತೀನಿ." ಆ ಕೈ ಮಾಯವಾಗಿ, ಕರವಸ್ತ್ರದೊಂದಿಗೆ ಮತ್ತೆ ಮೇಲೆ ಬಂತು, ಮೆಲ್ಲಗೆ ಒರೆಸಿತು. "ಹೋಯ್ತಾ?" ಎಂದು ಕೇಳಿತು ದನಿ. ನಾನು ಕಣ್ಣು ತೆರೆದು, "ಹೋಯ್ತು!" ಎಂದೆ. ನೀವು ಪರದೆಯ ಮೇಲೆ ಕಂಡದ್ದು ಅದೇ. ಕರವಸ್ತ್ರದ ಭಾಗವನ್ನು ಮಾತ್ರ ಕತ್ತರಿಸಿಬಿಟ್ಟರು. ಹಾಗಾಗಿ, ಆ ಜಾಹೀರಾತಿನಲ್ಲಿ ಸತ್ಯ ಇತ್ತು ಎಂಬುದನ್ನು ನಾನು ಪೂರ್ತಿ ಅಲ್ಲಗಳೆಯುವುದಿಲ್ಲ. ನೋವು ಹೋದದ್ದು ನಿಜ. ಆದರೆ ಆ ನೋವು ಬಂದದ್ದೇ ಬಾಮಿನಿಂದ.

ಅನಂತರ ನನ್ನ ಹೆಸರು ಯಾರಿಗೂ ಬೇಡವಾಯಿತು. ಎಲ್ಲರಿಗೂ ನಾನು 'ಹೋಯ್ತು ಸರ್'. ಕಚೇರಿಯಲ್ಲಿ ನನ್ನ ಕೆಲಸವೇ ದೂರವಾಣಿಯಲ್ಲಿ ದೂರು ಕೇಳುವುದು. ಜನ ಫೋನ್ ಮಾಡಿ, "ಸರ್, ನಮ್ಮ ಬೀದೀಲಿ ಕರೆಂಟ್..." ಎಂದು ನಿಲ್ಲಿಸುತ್ತಿದ್ದರು. ನಾನೇ ಆ ಮಾತು ಪೂರ್ತಿ ಮಾಡಬೇಕು. ನಾನು "ಹೋಯ್ತಾ?" ಎಂದರೆ ಸಮಾಧಾನ ಇಲ್ಲ. "ಅಲ್ಲಲ್ಲ ಸರ್, ಟೀವೀಲಿ ಹೇಳ್ದಂಗೆ ಹೇಳಿ." ಹೇಳಿದರೆ ಅತ್ತ ಕಡೆಯಿಂದ ಇಡೀ ಮನೆ ಕತ್ತಲೆಯಲ್ಲಿ ನಗುವುದು ಕೇಳಿಸುತ್ತಿತ್ತು. ಕರೆಂಟು ಬೇಗ ಬರಲಿ ಎಂದು ಆಮೇಲೆ ಯಾರೂ ಒತ್ತಾಯಿಸುತ್ತಿರಲಿಲ್ಲ. ನಮ್ಮ ಮೇಲಧಿಕಾರಿಗಳಿಗೆ ನನ್ನ ಮೇಲೆ ಬಹಳ ಪ್ರೀತಿ ಇತ್ತು.

ಸೋಫಾದ ಹಿಂದೆ ಕೂತಿದ್ದ ಟೈಪಿಸ್ಟನ್ನು ನಾನು ಮದುವೆಯಾದೆ. ಅಂದರೆ, ನನ್ನ ಬಳಿಯೇ ಉಳಿದುಹೋಗಿದ್ದ ಅವಳ ಕರವಸ್ತ್ರವನ್ನು ಹಿಂದಿರುಗಿಸಲು ಬಾಮ್ ಕಂಪನಿಗೆ ಹೋಗಿ, ಅದನ್ನು ಮನೆಯಲ್ಲೇ ಮರೆತು ಬಂದೆ ಎಂದು ಹೇಳಿ, ಇನ್ನೊಮ್ಮೆ ಹೋಗಿ, ಹೀಗೆ. ಕೊನೆಗೆ ಅವಳೇ, "ರೀ, ಆ ಕರವಸ್ತ್ರ ನೀವೇ ಇಟ್ಕೊಳ್ಳಿ, ಪರವಾಗಿಲ್ಲ. ಸುಮ್ನೆ ಬರೋದಾದ್ರೆ ಸುಮ್ನೆ ಬನ್ನಿ" ಎಂದಳು. ಮದುವೆಯ ದಿನ ನನ್ನ ಬಂಧುಗಳೆಲ್ಲರಿಗೂ ನಿರಾಶೆ. ಅವರು ಹುಣ್ಣಿಮೆಯ ಮುಖವನ್ನು ನಿರೀಕ್ಷಿಸಿ ಬಂದಿದ್ದರು. ನನ್ನ ಸೋದರತ್ತೆ ನನ್ನನ್ನು ಪಕ್ಕಕ್ಕೆ ಕರೆದು, "ಅವಳನ್ನ ಬಿಟ್ಬಿಟ್ಯೇನೋ? ಎಷ್ಟು ಚೆನ್ನಾಗಿ ತಲೆ ಒತ್ತುತ್ತಿದ್ಲು!" ಎಂದು ನೊಂದುಕೊಂಡರು.

ಸಭಿಕರೇ, ಮುಖಗಳಿಗೆ ಆಯುಷ್ಯ ಕಡಿಮೆ. ನನ್ನ ಮುಖ ಮತ್ತೊಂದು ಜಾಹೀರಾತಿಗೆ ಬೇಕಾಗಲೇ ಇಲ್ಲ. ಹಲ್ಲುನೋವಿಗೆ ಬೇಕಾದೀತೆಂದು ಕಾಯುತ್ತಿದ್ದೆ, ಅದಕ್ಕೂ ಕರೆಯಲಿಲ್ಲ. ಆದರೆ ನನ್ನ ಹೆಂಡತಿಯ ಕೈ? ಅದಕ್ಕೆ ಪುರುಸೊತ್ತೇ ಇರಲಿಲ್ಲ. ಚಹಾ ಸುರಿದದ್ದು ಆ ಕೈ. ಮಗುವಿನ ಬೆನ್ನಿಗೆ ಪೌಡರ್ ಹಚ್ಚಿದ್ದು ಆ ಕೈ. ಶರಟಿನ ಕಾಲರನ್ನು ಬೆಳಕಿಗೆ ಹಿಡಿದು ಮೆಚ್ಚಿದ್ದು ಆ ಕೈ. ಗೋಡೆಯ ಬಣ್ಣವನ್ನು ಸವರಿ, 'ಆಹಾ' ಎನ್ನುವಂತೆ ಬೆರಳು ಅರಳಿಸಿದ್ದೂ ಅದೇ. ಮುಖಗಳು ಬೇರೆ ಬೇರೆ, ಕೈ ಮಾತ್ರ ಒಂದೇ. ನೀವು ಯಾವ ಹೆಂಗಸಿನ ಅಂದ ನೋಡಿ ನಿಟ್ಟುಸಿರಿಟ್ಟಿರೋ, ಅವಳಲ್ಲಿ ಮೊಣಕೈಯಿಂದ ಕೆಳಗಿನ ಭಾಗ ನಮ್ಮ ಮನೆಯದು.

ಕೊನೆಗೆ ಬಂದದ್ದು ಆ ಪಾತ್ರೆ ತೊಳೆಯುವ ಸೋಪು. ಈಗ ತಾನೇ ತೆರೆಯ ಮೇಲೆ ನೋಡಿದಿರಿ, ನೀವು ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ ತಟ್ಟಿದ್ದು ಅದಕ್ಕೇ. ಪಾತ್ರೆಗಳ ಗುಡ್ಡ, ನೊರೆ, ಗುಡ್ಡ ಕರಗಿ ಫಳಫಳ ಹೊಳೆಯುವ ಲೋಟಗಳು, ಮತ್ತು ಎರಡು ಕೈ. 'ಎಷ್ಟು ತಿಕ್ಕಿದರೂ ಹೂವಿನ ಕೈ' ಎಂಬ ಆ ಹಾಡು. ನಮ್ಮ ಕಾರ್ಯದರ್ಶಿಗಳು ಎದೆಯ ಮೇಲೆ ಕೈಯಿಟ್ಟು, "ಆ ಕಾಲದ ಹೆಂಗಸರು ಎಷ್ಟು ದುಡೀತಿದ್ರು, ಆದ್ರೂ ಕೈ ನೋಡಿ ಹೇಗಿತ್ತು!" ಎಂದರು. ಮಾನ್ಯ ಕಾರ್ಯದರ್ಶಿಗಳೇ, ತಾಂತ್ರಿಕ ವಿವರವೊಂದನ್ನು ಸೇರಿಸಲು ಅನುಮತಿ ಕೊಡಿ. ಆ ಕೈ ಹಾಗಿದ್ದದ್ದು ಏಕೆಂದರೆ, ಸೋಪಿನ ಕಂಪನಿ ಹಾಕಿದ ಷರತ್ತು ಹಾಗಿತ್ತು. ಕೈಗೆ ಗೀರು ಬೀಳಬಾರದು, ಬಿಸಿಲು ತಾಗಬಾರದು, ಚಾಕು ಹಿಡಿಯಬಾರದು. ಮುಖ್ಯವಾಗಿ, ಪಾತ್ರೆ ತಿಕ್ಕಬಾರದು.

ಹಾಗಾದರೆ ನಮ್ಮ ಮನೆಯ ಪಾತ್ರೆಯನ್ನು ಯಾರು ತಿಕ್ಕುತ್ತಿದ್ದರು? ದಯವಿಟ್ಟು ನಗಬೇಡಿ. ಕಂಪನಿಯವರು ಪ್ರೀತಿಯಿಂದ ಆ ಸೋಪನ್ನೇ ಪೆಟ್ಟಿಗೆಗಟ್ಟಲೆ ಕಳಿಸುತ್ತಿದ್ದರು. ನಾನು ಅಡುಗೆಮನೆಯ ಕಿಟಕಿಯ ಪರದೆ ಎಳೆದುಕೊಂಡು ತಿಕ್ಕುತ್ತಿದ್ದೆ. ಒಳ್ಳೆಯ ಸೋಪು, ಜಿಡ್ಡನ್ನು ಚೆನ್ನಾಗಿ ತೆಗೆಯುತ್ತಿತ್ತು. ಜೊತೆಗೆ ಚರ್ಮವನ್ನೂ ತೆಗೆಯುತ್ತಿತ್ತು. ನನ್ನ ಬೆರಳ ಸಂದುಗಳು ಬೇಸಿಗೆಯ ಕೆರೆಯಂತೆ ಬಿರುಕುಬಿಟ್ಟವು. ರಾತ್ರಿ ಊಟವಾದ ಮೇಲೆ ನನ್ನ ಹೆಂಡತಿ ಕೈಗವಸು ಹಾಕಿಕೊಂಡು ಬಂದು, ಬಿರುಕುಗಳಿಗೆಲ್ಲ ಮುಲಾಮು ಹಚ್ಚುತ್ತಿದ್ದಳು. "ಉರೀತಿದೆಯಾ?" ಎನ್ನುತ್ತಿದ್ದಳು. ದೂರದರ್ಶನದಲ್ಲಿ ಅವಳ ಕೈ ಹೊಳೆಯುತ್ತಿತ್ತು, ಕೆಳಗೆ ನನ್ನ ಕೈ ಅವಳ ಮಡಿಲಲ್ಲಿ ಇರುತ್ತಿತ್ತು. ಇದನ್ನು ನಾನು ಯಾಕೆ ಹೇಳುತ್ತಿದ್ದೇನೋ ಗೊತ್ತಿಲ್ಲ. ಬರೆದುಕೊಂಡು ಬಂದ ಭಾಷಣದಲ್ಲಿ ಇದು ಇಲ್ಲ.

ಕಂಪನಿಯದು ಇನ್ನೊಂದು ಷರತ್ತು. ಆ ಕೈ ಯಾರದೆಂದು ಯಾರಿಗೂ ಹೇಳಕೂಡದು. ಅದು ಪ್ರತಿ ಮನೆಯ ಗೃಹಿಣಿಯ ಕೈ ಅಂತೆ. ನಾವು ಯಾರಿಗೂ ಹೇಳಲಿಲ್ಲ. ನನ್ನ ತಾಯಿಗೂ.

ನನ್ನ ತಾಯಿ ಅಲ್ಲಿಯವರೆಗೆ ನನ್ನ ಅಣ್ಣನ ಮನೆಯಲ್ಲಿ ಇದ್ದವರು, ನಮ್ಮ ಮನೆಗೆ ಬಂದರು. ಅವರು ಜಾಹೀರಾತನ್ನು ನಂಬುವವರು. ನಿಮ್ಮ ಹಾಗೆ ಹಳೆಯದಾದ ಮೇಲೆ ನಂಬಿದವರಲ್ಲ, ಬಿಸಿಬಿಸಿಯಾಗಿದ್ದಾಗಲೇ ನಂಬಿದವರು. ಸುದ್ದಿ ಓದುವವರು ಸುಳ್ಳು ಹೇಳಬಹುದು, ಸೋಪಿನವರು ಹೇಳುವುದಿಲ್ಲ ಎಂಬುದು ಅವರ ಸಿದ್ಧಾಂತ. ಬಂದ ಮರುದಿನವೇ ಅವರು ಅಡುಗೆಮನೆಯ ಬಾಗಿಲಲ್ಲಿ ನಿಂತು ನನ್ನನ್ನು ನೋಡಿದರು. ನನ್ನ ಕೈಯಲ್ಲಿ ಬಾಣಲೆ ಇತ್ತು.

"ಏನೋ ಇದು?"

"ಬಾಣಲೆ ಅಮ್ಮ."

"ಬಾಣಲೆ ಅಂತ ಕಾಣ್ಸುತ್ತೆ ಕಣೋ. ನೀನ್ಯಾಕೆ ತಿಕ್ತಾ ಇದೀಯ? ಅವಳಿಗೇನಾಗಿದೆ?"

ಅವಳು ಹೊರಗಿನ ಕೋಣೆಯಲ್ಲಿ ಕೈಗವಸು ಹಾಕಿಕೊಂಡು ಕುಳಿತು ಪತ್ರಿಕೆ ಓದುತ್ತಿದ್ದಳು. ಸಭಿಕರೇ, ಆ ದೃಶ್ಯವನ್ನು ಯಾವ ಅತ್ತೆಗೂ ವಿವರಿಸಲು ಸಾಧ್ಯವಿಲ್ಲ. ನಾನು, "ಅವಳಿಗೆ ನೀರು ಆಗಲ್ಲಮ್ಮ" ಎಂದೆ. "ನೀರಾಗಲ್ವಾ? ಸ್ನಾನ ಹೇಗೆ ಮಾಡ್ತಾಳೆ?" ಎಂದರು ತಾಯಿ.

ಅಂದಿನಿಂದ ನಮ್ಮ ಮನೆಯಲ್ಲಿ ಆ ಜಾಹೀರಾತು ಬಂದಾಗಲೆಲ್ಲ ಪಾಠ ಶುರುವಾಗುತ್ತಿತ್ತು. "ನೋಡಮ್ಮ, ನೋಡು. ಅವಳೂ ಹೆಂಗಸೇ. ಎಷ್ಟು ಪಾತ್ರೆ! ಒಂಚೂರು ಮುಖ ಗಂಟುಹಾಕಲ್ಲ. ಕೈ ನೋಡು, ಹೇಗಿದೆ ಬೆಣ್ಣೆ ಥರ! ಅಂಥ ಸೊಸೆ ಸಿಗೋಕೆ ಪುಣ್ಯ ಮಾಡಿರಬೇಕು." ನನ್ನ ಹೆಂಡತಿ ತನ್ನ ಕೈಯನ್ನು ತಾನೇ ನೋಡಿ, "ಹೌದು ಅತ್ತೆ, ತುಂಬಾ ಚೆನ್ನಾಗಿದೆ" ಎನ್ನುತ್ತಿದ್ದಳು. ನನಗೆ ತಡೆಯಲಾಗುತ್ತಿರಲಿಲ್ಲ. "ಹೇಳಿಬಿಡೋಣ ಕಣೇ, ಕಂಪನಿಯವರು ನಮ್ಮನೇಲಿ ಬಂದು ಕೂತಿದಾರಾ?" ಎಂದರೆ, ಅವಳು, "ಬೇಡ ಸುಮ್ನಿರಿ. ಪಾಪ, ನಂಬ್ಕೊಂಡಿದಾರೆ. ಅವರಿಗೆ ಅಷ್ಟು ಇಷ್ಟವಾದ ಸೊಸೆ ಅದೊಬ್ಬಳೇ. ಅವಳನ್ನೂ ಯಾಕೆ ಕಿತ್ಕೊಳ್ಳೋಣ?" ಎಂದಳು.

ಗುಟ್ಟು ಒಡೆದದ್ದು ಕಿರುಬೆರಳಿನಿಂದ. ನನ್ನ ಹೆಂಡತಿ ಲೋಟ ಎತ್ತುವಾಗ ಅವಳ ಕಿರುಬೆರಳು ತಾನಾಗಿ ಮೇಲೆ ನಿಲ್ಲುತ್ತದೆ. ಹುಟ್ಟು ಗುಣ. ಒಂದು ಸಂಜೆ ದೂರದರ್ಶನದಲ್ಲಿ ಆ ಕೈ ತೊಳೆದ ಲೋಟವನ್ನು ಎತ್ತಿ ಬೆಳಕಿಗೆ ಹಿಡಿಯಿತು, ಕಿರುಬೆರಳು ನಿಂತಿತು. ಅದೇ ಗಳಿಗೆಯಲ್ಲಿ ಇತ್ತ ನನ್ನ ಹೆಂಡತಿ ಹಾಲಿನ ಲೋಟ ಎತ್ತಿದಳು. ನನ್ನ ತಾಯಿ ಅತ್ತ ನೋಡಿದರು, ಇತ್ತ ನೋಡಿದರು.

"ಲೋಟ ಕೆಳಗಿಡಮ್ಮ" ಎಂದರು. "ಈಗ ಎತ್ತು."

ಎತ್ತಿದಳು.

"ಇನ್ನೊಂದ್ಸಲ ಎತ್ತು."

ತಾಯಿ ಮೆಲ್ಲಗೆ ಕೇಳಿದರು. "ಹಾಗಾದ್ರೆ... ಪಾತ್ರೆ ತಿಕ್ಕೋ ಕೈ?" ನಾನು ನನ್ನ ಎರಡೂ ಕೈಗಳನ್ನು ಮುಂದೆ ಚಾಚಿದೆ. ಆ ಬಿರುಕುಗಳನ್ನು ನೋಡಿ ನನ್ನ ತಾಯಿ ನಗಲು ಶುರುಮಾಡಿದರು. ಅವರು ಹಾಗೆ ನಕ್ಕದ್ದನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ. ಹೊಟ್ಟೆ ಹಿಡಿದುಕೊಂಡು, ಗೋಡೆಗೆ ಒರಗಿಕೊಂಡು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಗು ನಿಂತ ಮೇಲೆ ಸೊಸೆಯ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. "ಇಷ್ಟು ದಿನ ನಿನ್ನೆದುರಿಗೇ ನಿನ್ನನ್ನ ಹೊಗಳ್ತಾ, ನಿನ್ನನ್ನೇ ಬೈತಾ ಇದ್ನಲ್ಲೇ. ಒಂದು ಮಾತು ಹೇಳ್ಬಾರ್ದಿತ್ತಾ?" ಎಂದರು. "ಬೈಗುಳಕ್ಕಿಂತ ಹೊಗಳಿಕೆ ಜಾಸ್ತಿ ಇತ್ತು ಅತ್ತೆ, ಅದಕ್ಕೇ ಸುಮ್ನಿದ್ದೆ" ಎಂದಳು ಇವಳು.

ಆ ದಿನದಿಂದ ನನ್ನ ತಾಯಿ ಆ ಕೈಗಳ ಕಾವಲುಗಾರರಾದರು. ಕಂಪನಿಯ ಷರತ್ತುಗಳು ಅವರಿಗೆ ಸಾಲಲಿಲ್ಲ, ತಮ್ಮದೂ ಕೆಲವನ್ನು ಸೇರಿಸಿದರು. ಸೊಸೆ ಬಾಗಿಲ ಚಿಲಕ ಹಾಕುವ ಹಾಗಿಲ್ಲ. ಬಟ್ಟೆ ಮಡಿಸುವ ಹಾಗಿಲ್ಲ. ಕಾಗದದ ಅಂಚು ಕೊಯ್ಯುತ್ತದೆ ಎಂದು ಪತ್ರಿಕೆಯ ಪುಟವನ್ನೂ ತಾವೇ ತಿರುಗಿಸಿ ಕೊಡುತ್ತಿದ್ದರು. ನೆರೆಮನೆಯಾಕೆ ಬಂದು, "ನಿಮ್ಮ ಸೊಸೆ ಏನೂ ಕೆಲ್ಸ ಮಾಡಲ್ವಾ?" ಎಂದು ಕೇಳಿದರೆ, ತಾಯಿ ಗಂಭೀರವಾಗಿ, "ಮಾಡ್ತಾಳೆ. ನಿಮ್ಮನೇಲೂ ಮಾಡ್ತಾಳೆ, ರಾತ್ರಿ ಸುದ್ದಿ ಆದ್ಮೇಲೆ ನೋಡಿ" ಎನ್ನುತ್ತಿದ್ದರು. ನೆರೆಮನೆಯಾಕೆಗೆ ಅದು ಇವತ್ತಿಗೂ ಅರ್ಥವಾಗಿಲ್ಲ. ನನಗಂತೂ ಯಾವ ಬಡ್ತಿಯೂ ಸಿಗಲಿಲ್ಲ. ಬಾಣಲೆಯ ತಳವನ್ನು ಇನ್ನೂ ಚೆನ್ನಾಗಿ ತಿಕ್ಕಬೇಕೆಂದು ತಾಯಿ ಪಕ್ಕದಲ್ಲಿ ನಿಂತು ಹೇಳತೊಡಗಿದರು, ಅಷ್ಟೇ.

ಇಷ್ಟು ಹೇಳಿ ನಾನು ನಿಲ್ಲಿಸಬೇಕೆಂದಿದ್ದೆ. ಮುಖ್ಯ ಅತಿಥಿಗಳೂ ಹಾಗೇ ಬಯಸುತ್ತಿರುವಂತಿದೆ. ಆದರೆ ಪಾತ್ರೆ ಸೋಪಿನ ಜಾಹೀರಾತು ತೆರೆಯ ಮೇಲೆ ಬಂದಾಗ ನೀವು ತಟ್ಟಿದ ಚಪ್ಪಾಳೆ ಇನ್ನೂ ನನ್ನ ಕಿವಿಯಲ್ಲಿದೆ. ಉಳಿದದ್ದನ್ನೂ ಹೇಳಿಬಿಡುತ್ತೇನೆ.

ಒಂದು ಬೆಳಿಗ್ಗೆ ಸ್ನಾನಕ್ಕೆ ನೀರು ಕುದಿಯುತ್ತಿತ್ತು. ಮರುದಿನ ಸೋಪಿನ ಹೊಸ ಜಾಹೀರಾತಿನ ಚಿತ್ರೀಕರಣ. ಸೊಸೆ ಪಾತ್ರೆಗೆ ಕೈ ಹಾಕಬಾರದೆಂದು ನನ್ನ ತಾಯಿ ತಾವೇ ಎರಡು ಬಟ್ಟೆ ಹಿಡಿದು ಆ ದೊಡ್ಡ ಪಾತ್ರೆ ಎತ್ತಿಕೊಂಡು ಹೊರಟರು. ಬಚ್ಚಲಿನ ಹೊಸ್ತಿಲ ಬಳಿ ಅವರ ಕಾಲು ಜಾರಿತು. ಪಾತ್ರೆ ಅವರ ಎದೆಯ ಕಡೆಗೆ ವಾಲಿತು. ನಾನು ದೂರದಲ್ಲಿದ್ದೆ. ಇವಳು ಹತ್ತಿರದಲ್ಲಿದ್ದಳು. ಎರಡೂ ಕೈಯಿಂದ ಪಾತ್ರೆಯನ್ನು ತಡೆದು ತನ್ನ ಕಡೆಗೆ ತಿರುಗಿಸಿಕೊಂಡಳು. ನನ್ನ ತಾಯಿಗೆ ಒಂದು ಹನಿಯೂ ತಾಗಲಿಲ್ಲ.

ಆಸ್ಪತ್ರೆಯಲ್ಲಿ ನನ್ನ ತಾಯಿ ಹಾಸಿಗೆಯ ಪಕ್ಕ ನಿಂತು ಬೈದದ್ದೇ ಬೈದದ್ದು. "ಬಿಡೋಕೇನಾಗಿತ್ತು ನಿಂಗೆ? ನಾನು ಮುದುಕಿ, ನಂಗ್ಯಾರು ಫೋಟೋ ತೆಗೀತಾರೆ? ಸುಟ್ರೆ ಸುಡ್ತಿತ್ತು. ಅಂಥ ಕೈನ ಯಾರಾದ್ರೂ ಅಡ್ಡ ಹಾಕ್ತಾರೇನೇ?" ಬ್ಯಾಂಡೇಜಿನ ಎರಡು ಬಿಳಿ ಗುಡ್ಡಗಳನ್ನು ಎದೆಯ ಮೇಲಿಟ್ಟುಕೊಂಡು ಮಲಗಿದ್ದ ಇವಳು, "ಯೋಚ್ನೆ ಮಾಡೋಕೆ ಟೈಮ್ ಎಲ್ಲಿತ್ತು ಅತ್ತೆ? ಹಿಡ್ಕೊಂಬಿಟ್ಟೆ" ಎಂದಳು. ಆಮೇಲೆ ನನ್ನ ಕಡೆ ತಿರುಗಿ, "ಗ್ಯಾಸ್ ಆರಿಸಿ ಬಂದ್ರಾ?" ಎಂದಳು.

ನಿರ್ದೇಶಕರು ಹೂಗುಚ್ಛದೊಂದಿಗೆ ಬಂದರು. ಬಹಳ ನೊಂದಿದ್ದರು. ಬ್ಯಾಂಡೇಜು ಬಿಚ್ಚಿದ ದಿನವೇ ಬಂದಿದ್ದರಿಂದ ಅವರಿಗೆ ಕೈ ನೋಡಲು ಸಿಕ್ಕಿತು. ಬೆಳಕಿಗೆ ಹಿಡಿದು ನೋಡಿದರು, ತಿರುಗಿಸಿ ನೋಡಿದರು. ಲೈಟಿಂಗಿನಲ್ಲಿ ಏನಾದರೂ ಮಾಡಬಹುದೇನೋ ಎಂದರು, ಆಗದು ಎಂದು ತಾವೇ ತಲೆ ಆಡಿಸಿದರು. ಎದ್ದು ಬಾಗಿಲವರೆಗೆ ಹೋದವರು ಆಸೆಯಿಂದ ತಿರುಗಿ, "ಮೇಡಂ, ನಿಮಗೆ ತಂಗಿ ಯಾರಾದ್ರೂ ಇದಾರಾ?" ಎಂದು ಕೇಳಿದರು. ನನ್ನ ತಾಯಿ ಆ ಹೂಗುಚ್ಛವನ್ನು ಅವರಿಗೇ ಮರಳಿ ಕೊಟ್ಟು ಕಳಿಸಿದರು.

ಮನೆಗೆ ಬಂದ ಮೇಲೆ, ಗಾಯ ಪೂರ್ತಿ ಮಾಗಿದ ಮೇಲೆ, ಒಂದು ಸಂಜೆ ನಾನು ಅಭ್ಯಾಸಬಲದಿಂದ ಪಾತ್ರೆ ತಿಕ್ಕಲು ಹೋದೆ. ನನ್ನ ಜಾಗದಲ್ಲಿ ಇವಳು ನಿಂತಿದ್ದಳು. ಮೊಣಕೈಯವರೆಗೆ ನೊರೆ. ಕಿಟಕಿಯ ಪರದೆಯನ್ನು ಪೂರ್ತಿ ಸರಿಸಿಬಿಟ್ಟಿದ್ದಳು. "ಎಷ್ಟು ವರ್ಷ ಆಗಿತ್ತು ರೀ ಇದಕ್ಕೆ ಕೈ ಹಾಕಿ! ನೊರೆ ಎಷ್ಟು ಚೆನ್ನಾಗಿ ಬರುತ್ತೆ ನೋಡಿ" ಎಂದಳು. ಅಷ್ಟರಲ್ಲಿ ತಾಯಿ ಬಂದು, "ಬಿಡೇ, ನಾನು ತಿಕ್ತೀನಿ" ಎಂದರು. ನಾನು, "ಇದು ನನ್ನ ಕೆಲಸ" ಎಂದೆ. ಮೂವರೂ ಒಂದೇ ಬಾಣಲೆ ಹಿಡಿದು ಎಳೆದಾಡಿದೆವು. ಯಾವ ಜಾಹೀರಾತಿನವರೂ ಅದನ್ನು ಚಿತ್ರಿಸಲಿಲ್ಲ. ಚಿತ್ರಿಸಿದ್ದರೆ ಇವತ್ತು ನೀವು ನೋಡಿ ಅಳುತ್ತಿದ್ದಿರಿ.

ಕಂಪನಿ ಮಾತ್ರ ಹಳೆಯ ಜಾಹೀರಾತನ್ನೇ ಬಹಳ ಕಾಲ ಓಡಿಸಿತು. ಅದು ಬಂದಾಗಲೆಲ್ಲ ತಾಯಿ, "ಬಾರಮ್ಮ, ನಿನ್ನ ಕೈ ಬಂತು" ಎಂದು ಕೂಗುತ್ತಿದ್ದರು. ಇವಳು ಕೈ ಒರೆಸಿಕೊಳ್ಳುತ್ತಾ ಬಂದು ಬಾಗಿಲಲ್ಲಿ ನಿಲ್ಲುತ್ತಿದ್ದಳು. ಅತ್ತೆ ಸೊಸೆ ಇಬ್ಬರೂ ಯಾರೋ ದೂರದ ನೆಂಟರ ಮದುವೆಯ ಚಿತ್ರ ನೋಡುವವರಂತೆ ನೋಡುತ್ತಿದ್ದರು. ಒಂದು ದಿನ ಅದೇ ಹಾಡು, ಅದೇ ಪಾತ್ರೆ, ಆದರೆ ಬೇರೆ ಕೈ ಬಂತು. ತಾಯಿ ಕನ್ನಡಕ ಸರಿಮಾಡಿಕೊಂಡು ನೋಡಿ, "ಯಾರಿವಳು?" ಎಂದರು. ಮರುದಿನ ಮನೆಯಲ್ಲಿದ್ದ ಆ ಸೋಪನ್ನೆಲ್ಲ ನೆರೆಮನೆಯಾಕೆಗೆ ಕೊಟ್ಟುಬಿಟ್ಟರು. ತಾಯಿ ಬದುಕಿದ್ದಷ್ಟು ಕಾಲ ನಮ್ಮ ಮನೆಗೆ ಆ ಸೋಪು ಮತ್ತೆ ಬರಲಿಲ್ಲ.

ಸಭಿಕರೇ, ಈ ಸನ್ಮಾನದ ವಿಷಯ ತಿಳಿಸಲು ಕಾರ್ಯದರ್ಶಿಗಳು ಫೋನ್ ಮಾಡಿದಾಗ, ಮುಖದ ಜೊತೆಗೆ ಕೈಯನ್ನೂ ಸನ್ಮಾನಿಸಬಹುದಲ್ಲ ಎಂದು ನಾನು ಮೆಲ್ಲಗೆ ಕೇಳಿದ್ದೆ. ಅವರು ಸಮಿತಿಯಲ್ಲಿ ಚರ್ಚಿಸಿ ತಿಳಿಸಿದರು: "ಕೈಗೆ ಹೇಗೆ ಸರ್? ಪದಕ ಎಲ್ಲಿಗೆ ಹಾಕೋದು?" ನಾನು ಈಗ ಈ ಪದಕವನ್ನು ತೆಗೆದು ಹೆಂಡತಿಗೆ ಕೊಟ್ಟು ಕಣ್ಣೀರು ಹಾಕುತ್ತೇನೆ ಎಂದು ನೀವು ಕಾಯುತ್ತಿದ್ದರೆ ಕ್ಷಮಿಸಿ. ಅವಳು ಮನೆಯಲ್ಲೇ ಹೇಳಿ ಕರೆತಂದಿದ್ದಾಳೆ. "ಅಲ್ಲೇನೂ ದೊಡ್ಡಸ್ತಿಕೆ ತೋರಿಸಿ ಅದನ್ನ ನನ್ನ ಕೊರಳಿಗೆ ಹಾಕೋಕೆ ಬರಬೇಡಿ. ನಾಚ್ಕೆ ಆಗುತ್ತೆ. ತಿಂಡಿ ಏನ್ ಕೊಡ್ತಾರೋ ತಿಂದ್ಕೊಂಡು ಬೇಗ ಹೊರಡೋಣ."

ಅವಳು ಮೂರನೆಯ ಸಾಲಿನಲ್ಲಿ ಕುಳಿತಿದ್ದಾಳೆ. ಪ್ರದರ್ಶನ ಮುಗಿದು ಚಹಾ ಕುಡಿಯುವಾಗ ಅವಳ ಪಕ್ಕದಲ್ಲಿದ್ದ ಹಿರಿಯ ಮಹಿಳೆಯೊಬ್ಬರು, ಅವಳ ಕೈಗಳನ್ನು ನೋಡಿ ಬಹಳ ಮರುಗಿದರಂತೆ. "ಅಯ್ಯೋ, ಏನಮ್ಮ ಹೀಗಾಗಿದೆ ಕೈ? ಆ ಕಾಲದಲ್ಲಿ ನೀವೂ ಆ ಪಾತ್ರೆ ಸೋಪನ್ನೇ ಬಳಸ್ಬೇಕಿತ್ತು. ಈಗ ನೋಡಿದ್ರಲ್ಲ ಅವಳ ಕೈನ!" ಎಂದರಂತೆ. ಇವಳು, "ನೋಡ್ದೆ, ತುಂಬಾ ಚೆನ್ನಾಗಿದೆ" ಎಂದು ಹೇಳಿ, ಅವರಿಗೆ ಇನ್ನೊಂದು ಕಪ್ ಚಹಾ ತಂದುಕೊಟ್ಟಳಂತೆ. ಆ ಮಹಿಳೆಯ ಹೆಸರು ನನಗೆ ಗೊತ್ತಿಲ್ಲ. ಈಗ ಅವರು ಅವಳ ಕಡೆ ತಿರುಗಿ ಏನೋ ಹೇಳುತ್ತಿರುವುದು ಇಲ್ಲಿಂದ ಕಾಣಿಸುತ್ತಿದೆ. ಅಳಬೇಡಿ ಅಮ್ಮ, ಅವಳೇನೂ ಬೇಜಾರು ಮಾಡಿಕೊಂಡಿಲ್ಲ.

ಇನ್ನೂ ಎರಡು ಮಾತು ಆಡಬೇಕೆಂದಿದ್ದೆ. ಜಾಹೀರಾತು ಕಲೆಯ ಭವಿಷ್ಯದ ಬಗ್ಗೆ ಬರೆದುಕೊಂಡು ಬಂದಿದ್ದೆ. ಆದರೆ ಮೂರನೆಯ ಸಾಲಿನಲ್ಲಿ ಒಂದು ಕೈ ಮೇಲೆದ್ದಿದೆ. ಅದು ಪ್ರಶ್ನೆ ಕೇಳಲು ಎದ್ದದ್ದಲ್ಲ. 'ಸಾಕು, ಇಳೀರಿ ಕೆಳಗೆ' ಎಂದು ಎದ್ದದ್ದು. ದಯವಿಟ್ಟು ಯಾರೂ ತಿರುಗಿ ನೋಡಬೇಡಿ, ಅವಳಿಗೆ ಸಂಕೋಚವಾಗುತ್ತದೆ.

ತಿರುಗಿಯೇಬಿಟ್ಟಿರಲ್ಲ. ಸರಿ, ನೋಡಿ. ಚೆನ್ನಾಗಿ ನೋಡಿ.

ಇಷ್ಟು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ಧನ್ಯವಾದ. ನಾನು ಇಳಿಯುತ್ತೇನೆ. ನಮಸ್ಕಾರ.